ಡಿಕ್‌ಡಿಕ್: ಐದು ಕಿಲೋ ಹುಲ್ಲೆಯ ಬದುಕಿನ ಲೆಕ್ಕ

ಪೂರ್ವ ಆಫ್ರಿಕಾದ ಸಫಾರಿ ಜೀಪಿನಲ್ಲಿ ಕೂತವರಿಗೆ ಡಿಕ್‌ಡಿಕ್ ಬಗ್ಗೆ ಎರಡು ಮಾತು ಹೇಗೋ ಕಿವಿಗೆ ಬೀಳುತ್ತವೆ. ಜೋಡಿಯಲ್ಲಿ ಒಂದು ಸತ್ತರೆ ಇನ್ನೊಂದು ಕೊರಗಿ ಪ್ರಾಣ ಬಿಡುತ್ತದಂತೆ. ಕಣ್ಣಿನ ಮೂಲೆಯ ಕಪ್ಪು ಗುರುತು ಅದರ ಕಣ್ಣೀರಂತೆ. ಎರಡೂ ನಿಜವಲ್ಲ. ಸಂಗಾತಿ ಸತ್ತ ಡಿಕ್‌ಡಿಕ್ ಇನ್ನೊಂದು ಸಂಗಾತಿಯನ್ನು ಕೂಡಿಕೊಂಡು ಅದೇ ನೆಲದಲ್ಲಿ ಬದುಕುತ್ತದೆ. ಕಪ್ಪು ಗುರುತು ಒಂದು ಗ್ರಂಥಿಯ ಬಾಯಿ. ಅಲ್ಲಿಂದ ಒಸರುವುದು ನೀರಲ್ಲ, ಡಾಂಬರಿನಂಥ ಅಂಟು. ಈ ಪ್ರಾಣಿ ಜೋಡಿಯಾಗಿ ಏಕಿರುತ್ತದೆ, ಗೊತ್ತಾದ ಜಾಗದಲ್ಲೇ ಏಕೆ ಹಿಕ್ಕೆ ಹಾಕುತ್ತದೆ, ಅದರ ಮೂಗು ಏಕೆ ಅಷ್ಟು ಉದ್ದ ಎಂದು ಒಂದೊಂದಾಗಿ ಕೇಳುತ್ತಾ ಹೋದರೆ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಅದರ ಮೈತೂಕ ಸುಮಾರು ಐದು ಕಿಲೋ. ಮಿಕ್ಕಿದ್ದೆಲ್ಲ ಅದರಿಂದ ಹುಟ್ಟಿದ್ದು.

ಮೊದಲು ಯಾವ ಡಿಕ್‌ಡಿಕ್ ಎಂಬುದು ಸ್ಪಷ್ಟವಾಗಲಿ. ಮಾಡೋಕ್ವಾ ಕುಲದಲ್ಲಿ ಸಾಮಾನ್ಯವಾಗಿ ನಾಲ್ಕು ಪ್ರಭೇದ ಎಣಿಸುತ್ತಾರೆ. ಸಾಲ್ಟ್ ಡಿಕ್‌ಡಿಕ್ ಇಥಿಯೋಪಿಯಾ, ಎರಿಟ್ರಿಯಾ, ಸೊಮಾಲಿಯಾ ಕಡೆಯದು. ಬೆಳ್ಳಿ ಡಿಕ್‌ಡಿಕ್ ಸೊಮಾಲಿಯಾದ ಕರಾವಳಿಯ ಪೊದೆಗಳಿಗೆ ಸೀಮಿತ. ಅದನ್ನು ಸಾಲ್ಟ್‌ನ ಜೊತೆಗೇ ಸೇರಿಸುವವರೂ ಇದ್ದಾರೆ. ಗುಂಥರ್ ಡಿಕ್‌ಡಿಕ್ ಉತ್ತರ ಕೀನ್ಯಾ ಮತ್ತು ಅದರ ಆಚೀಚಿನ ಒಣ ನಾಡಿನದು, ನಾಲ್ಕರಲ್ಲಿ ಎದ್ದು ಕಾಣುವ ಮೂಗು ಇದರದೇ. ನಾಲ್ಕನೆಯದು ಕಿರ್ಕ್ ಡಿಕ್‌ಡಿಕ್, ಮಾಡೋಕ್ವಾ ಕಿರ್ಕೈ. ಪ್ರವಾಸಿಗರು ನೋಡುವುದು ಹೆಚ್ಚಾಗಿ ಇದನ್ನೇ, ಸಂಶೋಧಕರು ಹೆಚ್ಚು ಕಾಲ ಹಿಂಬಾಲಿಸಿದ್ದೂ ಇದನ್ನೇ. ಬ್ರಿಟಿಷ್ ಮ್ಯೂಸಿಯಂನ ಆಲ್ಬರ್ಟ್ ಗುಂಥರ್ 1880ರಲ್ಲಿ ದಕ್ಷಿಣ ಸೊಮಾಲಿಯಾದಿಂದ ಬಂದ ಮಾದರಿಯನ್ನು ವರ್ಣಿಸಿ, ಜಾಂಜಿಬಾರ್‌ನಲ್ಲಿ ಬ್ರಿಟಿಷ್ ಕಾನ್ಸಲ್ ಆಗಿದ್ದ ನಿಸರ್ಗತಜ್ಞ ಜಾನ್ ಕಿರ್ಕ್ ಹೆಸರು ಕೊಟ್ಟರು. ಸ್ವಾಹಿಲಿಯಲ್ಲಿ ಡಿಗಿಡಿಗಿ, ಸೊಮಾಲಿಯಲ್ಲಿ ಸಗಾರೋ.

ಕಿರ್ಕ್ ಡಿಕ್‌ಡಿಕ್ ಇರುವ ನೆಲ ಎರಡು ತುಂಡು. ಒಂದು ಸೊಮಾಲಿಯಾದ ದಕ್ಷಿಣ ತುದಿಯಿಂದ ಕೀನ್ಯಾ ದಾಟಿ ಟಾಂಜಾನಿಯಾದ ನಡುಭಾಗದವರೆಗೆ. ಇನ್ನೊಂದು ಸಾವಿರಾರು ಕಿಲೋಮೀಟರ್ ದೂರದಲ್ಲಿ, ನಮೀಬಿಯಾ ಮತ್ತು ಅಂಗೋಲಾದ ನೈಋತ್ಯದಲ್ಲಿ. ನಡುವೆ ಜಾಂಬಿಯಾ ಕಡೆಯ ತೇವದ ಕಾಡುಗಳಲ್ಲಿ ಒಂದೂ ಇಲ್ಲ. ದೊಡ್ಡಕಿವಿಯ ನರಿ, ಆರಿಕ್ಸ್ ಹುಲ್ಲೆಗಳ ಹಂಚಿಕೆಯೂ ಹೀಗೆಯೇ ಮುರಿದಿದೆ. ಹಿಂದೆ ಹವೆ ಈಗಿಗಿಂತ ಒಣಗಿದ್ದ ಕಾಲದಲ್ಲಿ ಈ ಎರಡು ಮೂಲೆಗಳನ್ನು ಒಂದು ಕುರುಚಲು ಪಟ್ಟಿ ಕೂಡಿಸಿತ್ತು, ಮಳೆ ಹೆಚ್ಚಿ ಕಾಡು ಬೆಳೆದಾಗ ಅದು ಕಡಿದುಹೋಯಿತು ಎಂಬುದು ವಿವರಣೆ. ನಮೀಬಿಯಾದ್ದನ್ನು ಡಮಾರಾ ಡಿಕ್‌ಡಿಕ್ ಎಂದು ಬೇರೆ ಪ್ರಭೇದವಾಗಿಯೇ ಎಣಿಸುವವರೂ ಈಗ ಇದ್ದಾರೆ. ಇದು ಬರೀ ಹೆಸರಿನ ಜಗಳವಲ್ಲ. ಅಮೆರಿಕದ ಮೃಗಾಲಯಗಳಲ್ಲಿ ನೋಡಲು ಒಂದೇ ತರ ಇದ್ದ ಡಿಕ್‌ಡಿಕ್‌ಗಳನ್ನು ಜೋಡಿ ಮಾಡಿದಾಗ ಕೆಲವು ಗಂಡುಮರಿಗಳು ಬರಡಾದವು. ಕ್ರೋಮೊಸೋಮ್ ಪರೀಕ್ಷಿಸಿದರೆ ತಂದೆ-ತಾಯಿಯ ಜೋಡಣೆಯೇ ಬೇರೆ ಬೇರೆ. ಆ ಫಲಿತಾಂಶ 1989ರಲ್ಲಿ ಪ್ರಕಟವಾಯಿತು. ಹಾಗಾಗಿ ಮೃಗಾಲಯದಲ್ಲಿ ಕೂಡಿಸುವ ಮುಂಚೆ ರಕ್ತ ಪರೀಕ್ಷೆ ಮಾಡುವುದು ಸರಿಯಾದ ಕ್ರಮ. ಬಣ್ಣ ನೋಡಿ ತೀರ್ಮಾನಿಸಿದರೆ ವಂಶ ಅಲ್ಲಿಗೇ ನಿಲ್ಲಬಹುದು.

ಅಳತೆಗಳು: ಭುಜದವರೆಗೆ 35ರಿಂದ 43 ಸೆಂಟಿಮೀಟರ್ ಎತ್ತರ, ಅಂದರೆ ನಿಂತವರ ಮೊಣಕಾಲಿನ ಮಟ್ಟ. ತೂಕ 4ರಿಂದ 6 ಕಿಲೋ. ಹುಲ್ಲೆಗಳಲ್ಲಿ ಗಂಡು ದಪ್ಪ ಇರುವುದು ರೂಢಿ. ಇಲ್ಲಿ ಹೆಣ್ಣೇ ಅರ್ಧ ಕಿಲೋದಷ್ಟು ಹೆಚ್ಚು ತೂಗುತ್ತದೆ. ಕೊಂಬು ಗಂಡಿಗೆ ಮಾತ್ರ, ಬುಡದಲ್ಲಿ ಬಳೆಗಳಿದ್ದು 11 ಸೆಂಟಿಮೀಟರ್ ಮೀರುವುದು ಅಪರೂಪ. ನೆತ್ತಿಯ ಜುಟ್ಟು ನಿಗುರದೆ ಮಲಗಿದ್ದರೆ ಕೊಂಬು ಅದರಲ್ಲೇ ಮುಚ್ಚಿಹೋಗುತ್ತದೆ. ಹೆಣ್ಣೆಂದು ಬರೆದುಕೊಂಡದ್ದು ಗಂಡಾಗಿರುವುದು ಇದರಿಂದಲೇ. ಬೆನ್ನು ಬೂದು-ಕಂದು ಚುಕ್ಕೆಚುಕ್ಕೆ, ಕಾಲು ಮತ್ತು ಪಕ್ಕೆ ಕೆಂಗಂದು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ದಪ್ಪ ಬಿಳಿ ಬಳೆ. ಬಾಲ ಇದೆ ಎನ್ನಲು ಮಾತ್ರ ಇದೆ.

ಹೊಟ್ಟೆಯ ಗಣಿತ

ಡಿಕ್‌ಡಿಕ್ ಮೆಲುಕು ಹಾಕುವ ಪ್ರಾಣಿ. ಮೆಲುಕು ಹಾಕುವವುಗಳ ಬಂಡವಾಳವೇ ಹೊಟ್ಟೆಯ ಮೊದಲ ಚೀಲ: ಅಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಕೊಳೆಸಿ ಶಕ್ತಿಯಾಗಿ ಮಾಡಿಕೊಡುತ್ತವೆ. ಈ ಕೆಲಸಕ್ಕೆ ಸಮಯ ಬೇಕು, ಸಮಯಕ್ಕೆ ದೊಡ್ಡ ಚೀಲ ಬೇಕು. ಚೀಲ ಮೈಗಾತ್ರಕ್ಕೆ ಸರಿಯಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಶಕ್ತಿಯ ಅಗತ್ಯ ಹಾಗೆ ಕುಗ್ಗುವುದಿಲ್ಲ; ಅದು ತೂಕದ ಮುಕ್ಕಾಲು ಘಾತದ ಲೆಕ್ಕದಲ್ಲಿ ಬದಲಾಗುತ್ತದೆ. 500 ಕಿಲೋ ತೂಗುವ ಈಲ್ಯಾಂಡ್ ಹುಲ್ಲೆಯನ್ನೂ 5 ಕಿಲೋ ಡಿಕ್‌ಡಿಕ್ಕನ್ನೂ ಎದುರುಬದುರು ಇಟ್ಟು ಲೆಕ್ಕ ಹಾಕಿದರೆ, ಒಂದೊಂದು ಕಿಲೋ ಮೈಗೆ ಡಿಕ್‌ಡಿಕ್‌ಗೆ ಬೇಕಾದ ಶಕ್ತಿ ಮೂರು ಪಟ್ಟಿಗಿಂತ ತುಸು ಹೆಚ್ಚು. ಚೀಲ ಚಿಕ್ಕದು, ಖರ್ಚು ಹೆಚ್ಚು. ಒಣಹುಲ್ಲನ್ನು ದಿನಗಟ್ಟಲೆ ಕೊಳೆಸುತ್ತಾ ಕೂರಲು ಅದಕ್ಕೆ ಸಾಧ್ಯವೇ ಇಲ್ಲ.

ಆದ್ದರಿಂದ ಅದು ತಿನ್ನುವುದು ಚಿಗುರು, ಎಳೆ ಎಲೆ, ಮೊಗ್ಗು, ಹೂವು, ಕಾಯಿ, ಉದುರಿದ ಹಣ್ಣು. ಹುಲ್ಲು ಮುಟ್ಟುವುದು ಮಳೆಯ ನಂತರದ ಎಳೆ ಗರಿಯಿದ್ದಾಗ ಮಾತ್ರ, ಅದೂ ಕಮ್ಮಿ. ಕಿರಿದಾದ ಮೂತಿ ಅಕೇಸಿಯಾದ ಎರಡು ಮುಳ್ಳುಗಳ ನಡುವೆ ತೂರಿ ಒಂದೊಂದೇ ಎಲೆಯನ್ನು ಕೀಳುತ್ತದೆ. ಕೀನ್ಯಾದ ಲೈಕಿಪಿಯಾದಲ್ಲಿರುವ ಎಂಪಾಲಾ ಸಂಶೋಧನಾ ಕೇಂದ್ರದ ಸುತ್ತ ಆನೆ, ಕಾಡೆಮ್ಮೆ, ಎರಡು ಬಗೆಯ ಜೀಬ್ರಾ, ಇಂಪಾಲಾ, ದನ, ಡಿಕ್‌ಡಿಕ್ ಇವುಗಳ ಸಗಣಿ-ಲದ್ದಿ-ಹಿಕ್ಕೆ ಒಟ್ಟುಮಾಡಿ, ಅದರಲ್ಲಿನ ಗಿಡಗಳ ಡಿಎನ್‌ಎ ಓದಿದ ಅಧ್ಯಯನ 2015ರಲ್ಲಿ ಬಂತು. ಜೀಬ್ರಾಗಳು ಹುಲ್ಲಿನ ತುದಿಗೆ, ಡಿಕ್‌ಡಿಕ್ ಗಿಡಪೊದೆಗಳ ತುದಿಗೆ. ಒಂದೇ ಬಯಲಿನಲ್ಲಿ ಮೇಯ್ದರೂ ತಟ್ಟೆ ಬೇರೆ ಬೇರೆ.

ಇಂಥ ಆಹಾರ ಒಂದೆಡೆ ರಾಶಿಯಾಗಿ ಸಿಗುವುದಿಲ್ಲ. ಇಲ್ಲೊಂದು ಚಿಗುರು, ಅಲ್ಲೊಂದು ಕಾಯಿ. ಐವತ್ತು ಪ್ರಾಣಿಗಳ ಹಿಂಡು ಬಂದರೆ ಮುಂದಿನ ನಾಲ್ಕಕ್ಕೆ ಮಾತ್ರ ಊಟ, ಹಿಂದಿನವಕ್ಕೆ ಬರೀ ಕಡ್ಡಿ. ಹಾಗಾಗಿ ಹಿಂಡು ಕಟ್ಟುವಂತಿಲ್ಲ. ಬದಲಿಗೆ ಚಿಕ್ಕ ಜಾಗವೊಂದನ್ನು ಹಿಡಿದು, ಯಾವ ಪೊದೆ ಯಾವಾಗ ಚಿಗುರುತ್ತದೆ, ಯಾವ ದಾರಿ ಎಲ್ಲಿ ನುಸುಳುತ್ತದೆ ಎಂದು ಅರಿತುಕೊಂಡು, ಬೇರೆಯವು ಒಳಬರದಂತೆ ಕಾಯುವುದೇ ಲಾಭ. ಪ್ರಾಣಿಶಾಸ್ತ್ರಜ್ಞ ಪೀಟರ್ ಜಾರ್ಮನ್ 1974ರಲ್ಲಿ ಆಫ್ರಿಕಾದ ಹುಲ್ಲೆಗಳನ್ನು ಗಾತ್ರ, ಆಹಾರ, ಗುಂಪು ಈ ಮೂರರ ಸಂಬಂಧ ನೋಡಿ ಐದು ವರ್ಗ ಮಾಡಿದಾಗ ಡಿಕ್‌ಡಿಕ್ ಮೊದಲ ವರ್ಗದಲ್ಲಿ ಬಂತು: ಸಣ್ಣ ಮೈ, ಆಯ್ದು ತಿನ್ನುವ ಬಾಯಿ, ಒಂಟಿ ಅಥವಾ ಜೋಡಿ, ಅಪಾಯ ಬಂದರೆ ಅಡಗುವುದು. ಐವತ್ತು ವರ್ಷ ಕಳೆದರೂ ಆ ಚೌಕಟ್ಟು ಗಟ್ಟಿಯಾಗಿ ನಿಂತಿದೆ. ಪ್ರಾಣಿಶಾಸ್ತ್ರದಲ್ಲಿ ಅಷ್ಟು ಬಾಳಿಕೆ ಬರುವ ವರ್ಗೀಕರಣ ಕಮ್ಮಿ.

ಮೂಗು ಮತ್ತು ನೀರು

ಸಣ್ಣ ಮೈಗೆ ಇನ್ನೊಂದು ತೊಂದರೆ ಬಿಸಿಲು. ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಆದ್ದರಿಂದ ಬಿಸಿ ಬೇಗ ಒಳನುಗ್ಗುತ್ತದೆ. ಬೆವರಿ ತಣಿಯೋಣವೆಂದರೆ ಐದು ಕಿಲೋ ಮೈಯಲ್ಲಿ ಇರುವ ನೀರೆಷ್ಟು? ಡಿಕ್‌ಡಿಕ್ ಇರುವ ನಾಡಿನಲ್ಲಿ ಕುಡಿಯುವ ನೀರು ತಿಂಗಳುಗಟ್ಟಲೆ ಇರುವುದಿಲ್ಲ. ಎಲೆಯ ರಸ ಮತ್ತು ಇಬ್ಬನಿಯಲ್ಲೇ ಅದು ಕಾಲ ತಳ್ಳಬೇಕು. ನೀರು ಸಿಕ್ಕರೆ ಕುಡಿಯುತ್ತದೆ, ಸಿಗದಿದ್ದರೆ ಹುಡುಕಿಕೊಂಡು ತನ್ನ ನೆಲ ಬಿಟ್ಟು ಹೋಗುವುದಿಲ್ಲ.

ಮೂಗು ಕೆಲಸಕ್ಕೆ ಬರುವುದು ಇಲ್ಲಿ. ಮೂತಿಯ ತುದಿ ಉಬ್ಬಿ, ಮೆತ್ತಗಾಗಿ, ಎಲ್ಲ ಕಡೆಗೂ ತಿರುಗುತ್ತದೆ. ಒಳಗಿನ ಕೋಣೆ ದೊಡ್ಡದು, ಅದರ ಗೋಡೆಯ ತುಂಬ ರಕ್ತನಾಳ ಮತ್ತು ಒದ್ದೆ ಪೊರೆ. ಬಿಸಿ ಏರಿದಾಗ ಡಿಕ್‌ಡಿಕ್ ಬಾಯಿ ಮುಚ್ಚಿಕೊಂಡೇ ಮೂಗಿನಲ್ಲಿ ಬೇಗಬೇಗ ಏದುಸಿರು ಬಿಡುತ್ತದೆ. ಗಾಳಿ ಹಾಯ್ದಂತೆ ಪೊರೆಯ ತೇವ ಆರಿ, ಅಲ್ಲಿನ ರಕ್ತ ತಣ್ಣಗಾಗುತ್ತದೆ. ಆ ತಣ್ಣನೆಯ ರಕ್ತ ಹೃದಯಕ್ಕೆ ಮರಳುವ ದಾರಿಯಲ್ಲಿ ಮಿದುಳಿನ ಬುಡದ ಒಂದು ಕುಳಿಯನ್ನು ಹಾಯುತ್ತದೆ. ಮಿದುಳಿಗೆ ಹೋಗುವ ಬಿಸಿ ರಕ್ತ ಅದೇ ಕುಳಿಯಲ್ಲಿ ಸಣ್ಣ ಸಣ್ಣ ಕವಲುಗಳ ಬಲೆಯಾಗಿ ಹರಡಿರುತ್ತದೆ. ಎರಡೂ ಬೆರೆಯುವುದಿಲ್ಲ, ಗೋಡೆಯ ಮೂಲಕ ಬಿಸಿ ಮಾತ್ರ ದಾಟುತ್ತದೆ. ಮೈ ಬಿಸಿಯಾದರೂ ಮಿದುಳು ಅಷ್ಟು ಬಿಸಿಯಾಗದಿರುವುದು ಹೀಗೆ. ಈ ಬಲೆ ಮೆಲುಕು ಹಾಕುವ ಬಹುತೇಕ ಪ್ರಾಣಿಗಳಲ್ಲಿ ಇದೆ. ಡಿಕ್‌ಡಿಕ್‌ನ ವಿಶೇಷ ಅದಕ್ಕೆ ತಣ್ಣನೆಯ ರಕ್ತ ಒದಗಿಸುವ ಮೂಗಿನದು. ತಂಪು ಹೊತ್ತಿನಲ್ಲಿ ಇದೇ ಮೂಗು ಉಲ್ಟಾ ಕೆಲಸ ಮಾಡುತ್ತದೆ: ಹೊರಬಿಡುವ ಉಸಿರು ತಣ್ಣನೆಯ ಪೊರೆಗೆ ತಗುಲಿ, ಅದರಲ್ಲಿನ ಆವಿ ಅಲ್ಲೇ ಹನಿಗಟ್ಟಿ ಉಳಿಯುತ್ತದೆ.

ಕೀನ್ಯಾದ ಶರೀರವಿಜ್ಞಾನಿ ಜೆಫ್ರಿ ಮಲೋಯ್ 1973ರಲ್ಲಿ ಡಿಕ್‌ಡಿಕ್‌ನ ನೀರಿನ ಲೆಕ್ಕಾಚಾರವನ್ನು ವಿವರವಾಗಿ ಪ್ರಕಟಿಸಿದರು. ನೀರು ಕಡಿಮೆಯಾದಾಗ ಅದರ ಮೂತ್ರ ತೀರ ಗಟ್ಟಿಯಾಗುತ್ತದೆ, ಹಿಕ್ಕೆ ತೀರ ಒಣಗುತ್ತದೆ. ಗೊರಸಿನ ಪ್ರಾಣಿಗಳಲ್ಲಿ ಈ ಎರಡರಲ್ಲೂ ಅದು ಮೇಲಿನ ಸಾಲಿನಲ್ಲೇ ಇದೆ. ಇದಕ್ಕೆ ದಿನಚರಿಯೂ ಸೇರುತ್ತದೆ. ಬೆಳಗಿನ ಜಾವ, ಸಂಜೆ, ರಾತ್ರಿ ಮೇಯುವುದು. ನಡುಹಗಲು ನೆರಳಿನಲ್ಲಿ ಕೂತು ಮೆಲುಕು ಹಾಕುವುದು. ರಾತ್ರಿ ಎಲೆಗಳಲ್ಲಿ ತೇವ ಹೆಚ್ಚಿರುವುದರಿಂದ ಆಗಿನ ಊಟವೇ ನೀರೂ ಹೌದು.

ಹಿಕ್ಕೆ ಗುಡ್ಡೆ ಮತ್ತು ಕಪ್ಪು ಮಣಿ

ಒಂದು ಜೋಡಿಯ ನೆಲ ಕೆಲವು ಹೆಕ್ಟೇರು. ಪೊದೆ ದಟ್ಟವಾಗಿದ್ದರೆ ಕಮ್ಮಿ ಸಾಕು, ವಿರಳವಾಗಿದ್ದರೆ ಹೆಚ್ಚು ಬೇಕು. ಗಡಿಯುದ್ದಕ್ಕೂ ಹಿಕ್ಕೆ ಗುಡ್ಡೆಗಳಿರುತ್ತವೆ. ಅಲ್ಲಿ ನಡೆಯುವ ಕ್ರಮಕ್ಕೆ ಒಂದು ಗೊತ್ತಾದ ಸರದಿ ಇದೆ. ಹೆಣ್ಣು ಮೊದಲು ಬಂದು ಮೂತ್ರ ಮಾಡಿ ಹಿಕ್ಕೆ ಹಾಕುತ್ತದೆ. ಮರಿ ಜೊತೆಗಿದ್ದರೆ ಮುಂದಿನ ಸರದಿ ಅದರದು. ಗಂಡು ಕೊನೆಗೆ ಬರುತ್ತದೆ: ಹೆಣ್ಣಿನ ಮೂತ್ರ ಮೂಸಿ, ಮೇಲ್ದುಟಿ ಮಡಚಿ ಕ್ಷಣಹೊತ್ತು ನಿಂತು, ಮುಂಗಾಲಿನಿಂದ ಅದರ ಮೇಲೆ ಮಣ್ಣು ಕೆರೆದು, ಆಮೇಲೆ ತಾನು ಅದರ ಮೇಲೇ ಹಿಕ್ಕೆ ಹಾಕಿ, ಪಕ್ಕದ ಕಡ್ಡಿಗಳಿಗೆ ಕಣ್ಣಿನ ಬಳಿಯ ಗ್ರಂಥಿಯಿಂದ ಗುರುತು ಹಚ್ಚುತ್ತದೆ. ಹಚ್ಚುವ ರೀತಿ ನೋಡುವಂಥದ್ದು. ಕಡ್ಡಿಯ ತುದಿಯನ್ನು ನೇರವಾಗಿ ಗ್ರಂಥಿಯ ಬಾಯಿಗೇ ತೂರಿಸುತ್ತದೆ, ಕಣ್ಣಿಗೇ ಚುಚ್ಚಿಕೊಂಡಿತೇನೋ ಎಂದು ನೋಡುವವರಿಗೆ ಅನ್ನಿಸುವಷ್ಟು ಹತ್ತಿರ. ತುದಿಯಲ್ಲಿ ಒಂದು ಕಪ್ಪು ಅಂಟಿನ ಮಣಿ ಉಳಿಯುತ್ತದೆ. ಅದೇ ಕಡ್ಡಿಗೆ ಮತ್ತೆ ಮತ್ತೆ ಹಚ್ಚಿ ಮಣಿ ದಪ್ಪವಾಗುತ್ತದೆ.

ಈ ಸರದಿಯನ್ನು ಬಹಳ ಕಾಲ ಬೇಲಿ ಹಾಕುವ ಕೆಲಸ ಎಂದಷ್ಟೇ ಓದುತ್ತಿದ್ದರು. ಗಡಿಯ ಕೆಲಸ ಅದರಲ್ಲಿದೆ, ಸಂದೇಹವಿಲ್ಲ. ಆದರೆ ಗಂಡು ತನ್ನ ಗುರುತನ್ನು ಪಕ್ಕದಲ್ಲಿ ಇಡದೆ ಹೆಣ್ಣಿನ ಗುರುತಿನ ಮೇಲೇ ಏಕೆ ಇಡಬೇಕು? ಹೆಣ್ಣು ಬೆದೆಗೆ ಬಂದ ಸುದ್ದಿ ಅದರ ಮೂತ್ರದಲ್ಲಿರುತ್ತದೆ. ಅದನ್ನು ಮುಚ್ಚಿಬಿಟ್ಟರೆ ಪಕ್ಕದ ಗಂಡಿಗೆ ಸುದ್ದಿ ಮುಟ್ಟುವುದಿಲ್ಲ. ಗಂಡು ಮಾಡುತ್ತಿರುವುದು ಬೇಲಿಗಿಂತ ಹೆಚ್ಚಾಗಿ ಗುಟ್ಟು ಮುಚ್ಚುವ ಕೆಲಸ ಎಂಬ ಈ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆಯಾಗುವುದು, ಏಕೆಂದರೆ ಸರದಿಯ ಕ್ರಮ ಅದರಿಂದ ಮಾತ್ರ ಅರ್ಥವಾಗುತ್ತದೆ.

ಗೊತ್ತಾದ ಜಾಗದಲ್ಲಿ ಹಿಕ್ಕೆ ಗುಡ್ಡೆ ಮಾಡುವುದು ನಮ್ಮ ಬಂಡೀಪುರ, ನಾಗರಹೊಳೆ ಕಾಡಿನ ಕೊಂಡುಕುರಿಯ ಅಭ್ಯಾಸವೂ ಹೌದು. ನಾಲ್ಕು ಕೊಂಬಿನ ಈ ಹುಲ್ಲೆ 20 ಕಿಲೋ ಆಸುಪಾಸಿನದು, ಅದೂ ಹಿಂಡು ಕಟ್ಟುವುದಿಲ್ಲ. ಕಾಡಿನಲ್ಲಿ ಅದು ಕಣ್ಣಿಗೆ ಬೀಳುವುದಕ್ಕಿಂತ ಗುಡ್ಡೆ ಸಿಗುವುದೇ ಸುಲಭವಾದ್ದರಿಂದ ಇರುವು ತಿಳಿಯಲು ಅದೇ ಆಧಾರ.

ಗಡಿಯಲ್ಲಿ ಎರಡು ಗಂಡುಗಳು ಎದುರಾದರೆ ಕೊಂಬು ತಾಗುವುದು ವಿರಳ. ಜುಟ್ಟು ನಿಗುರಿಸಿ ಒಂದರ ಮೇಲೊಂದು ನುಗ್ಗಿಬರುತ್ತವೆ, ತಗುಲುವ ಮುನ್ನ ಗಕ್ಕನೆ ನಿಂತು ತಲೆ ಜೋರಾಗಿ ಆಡಿಸುತ್ತವೆ, ಹಿಂದೆ ಸರಿದು ಮತ್ತೆ ನುಗ್ಗುತ್ತವೆ. ಪ್ರತಿ ಸುತ್ತಿನಲ್ಲೂ ನಡುವಿನ ಅಂತರ ಬೆಳೆದು, ಕೊನೆಗೆ ಒಂದು ಮುಖ ತಿರುಗಿಸಿ ಹೋಗುತ್ತದೆ. ಸೂಜಿ ಕೊಂಬಿನ ಸಣ್ಣ ಪ್ರಾಣಿಗೆ ನಿಜವಾದ ಕಾಳಗ ಗೆದ್ದವನಿಗೂ ನಷ್ಟವೇ.

ಜೋಡಿ, ಆದರೆ ಸಂಸಾರವಲ್ಲ

ಸಸ್ತನಿಗಳಲ್ಲಿ ಒಂದು ಗಂಡಿಗೆ ಒಂದೇ ಹೆಣ್ಣು ಎಂಬ ಏರ್ಪಾಡು ತೀರ ಕಮ್ಮಿ. ಇದ್ದಲ್ಲಿ, ಮರಿ ಸಾಕಲು ಅಪ್ಪನ ನೆರವು ಬೇಕಿರುವುದೇ ಕಾರಣ ಎಂದು ಊಹಿಸುವುದು ಸಹಜ. ಡಿಕ್‌ಡಿಕ್ ಆ ಊಹೆಯನ್ನು ಕೆಡಿಸುತ್ತದೆ. ಗಂಡು ಮರಿಗೆ ಆಹಾರ ತರುವುದಿಲ್ಲ, ಕಾವಲು ಕಾಯುವುದಿಲ್ಲ, ಪರಭಕ್ಷಕನಿಗೆ ಎದುರು ನಿಲ್ಲುವುದೂ ಇಲ್ಲ. ಪೀಟರ್ ಬ್ರದರ್ಟನ್, ಪೆಟ್ರ್ ಕೋಮರ್ಸ್ ಮೊದಲಾದ ಸಂಶೋಧಕರು 1990ರ ದಶಕದಲ್ಲಿ ಇದನ್ನೇ ಹಿಡಿದು ಕೆಲಸ ಮಾಡಿದರು. ಜೋಡಿಗಳು ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಒಟ್ಟಿಗಿರುತ್ತವೆ. ಒಟ್ಟಿಗಿರುವ ಶ್ರಮ ಗಂಡಿನದು, ಹೆಣ್ಣು ಹೋದಲ್ಲಿ ಅದು ಹಿಂಬಾಲಿಸುತ್ತದೆ. ಬೆದೆಯ ದಿನಗಳಲ್ಲಂತೂ ಬಿಟ್ಟಗಲುವುದಿಲ್ಲ. 1997ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯಲ್ಲಿ ಮರಿಗಳ ಅಪ್ಪ ಆ ಜೋಡಿಯ ಗಂಡೇ ಎಂದು ಬಂತು, ಹೊರಗಿನ ಗಂಡಿನ ಮರಿ ಸಿಗಲಿಲ್ಲ. ಅಂದಮಾತ್ರಕ್ಕೆ ಗಂಡು ಸಂಭಾವಿತ ಎಂದಲ್ಲ. ಅವಕಾಶ ಸಿಕ್ಕರೆ ಪಕ್ಕದ ಹೆಣ್ಣಿನತ್ತ ಅದೂ ಪ್ರಯತ್ನ ಮಾಡುತ್ತದೆ. ಆದರೆ ಅತ್ತ ಹೋದ ಹೊತ್ತಿನಲ್ಲಿ ತನ್ನ ಹೆಣ್ಣು ಬೇರೆಯವನ ಪಾಲಾಗಬಹುದು. ಚದುರಿ ಬದುಕುವ ಎರಡು ಹೆಣ್ಣುಗಳನ್ನು ಒಂದು ಗಂಡು ಕಾಯಲು ಹೋದರೆ ಎರಡನ್ನೂ ಕಳೆದುಕೊಳ್ಳುವ ಅಪಾಯವೇ ಹೆಚ್ಚು. ನಿಷ್ಠೆ ಎನ್ನುವುದು ಇಲ್ಲಿ ಕಾವಲಿನ ಇನ್ನೊಂದು ಮುಖ.

ಗರ್ಭದ ಅವಧಿ ಐದೂವರೆ ತಿಂಗಳಿಗೆ ಹತ್ತಿರ, 166ರಿಂದ 174 ದಿನ. ಒಮ್ಮೆಗೆ ಒಂದೇ ಮರಿ, ಹುಟ್ಟುವಾಗ ತೂಕ 560ರಿಂದ 800 ಗ್ರಾಂ ನಡುವೆ. ತಾಯಿಯ ತೂಕದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಎಂಬುದನ್ನು ಗಮನಿಸಿ. ದನ ಈಯುವಾಗ ಅನುಪಾತ ಇದಕ್ಕಿಂತ ಕಮ್ಮಿ. ದನ, ಕುರಿ ಸಾಕಿದವರಿಗೆ ಗೊತ್ತಿರುವಂತೆ ಕರುವಾಗಲಿ ಮರಿಯಾಗಲಿ ಮುಂಗಾಲು ಮುಂದೆ ಚಾಚಿಕೊಂಡು, ಅದರ ಮೇಲೆ ತಲೆಯಿಟ್ಟು ಬರಬೇಕು. ಕಾಲು ಹಿಂದಕ್ಕೆ ಮಡಚಿದ್ದರೆ ಹೆರಿಗೆ ಕಷ್ಟ. ಡಿಕ್‌ಡಿಕ್ ಮರಿ ಬರುವುದು ಮೂಗು ಮುಂದಾಗಿ, ಮುಂಗಾಲು ಪಕ್ಕೆಗೆ ಒತ್ತಿ ಹಿಂದಕ್ಕೆ ಚಾಚಿದ ಭಂಗಿಯಲ್ಲೇ. ಮೃಗಾಲಯದಲ್ಲಿ ಇದನ್ನು ತಿಳಿಯದ ವೈದ್ಯರು ಸರಿಪಡಿಸಲು ಕೈಹಾಕಿದರೆ ಇಲ್ಲದ ತೊಂದರೆ ತಂದುಕೊಂಡಂತೆ.

ಮೊದಲ ಎರಡು ಮೂರು ವಾರ ಮರಿ ಪೊದೆಯ ಬುಡದಲ್ಲಿ ಅಲುಗಾಡದೆ ಮಲಗಿರುತ್ತದೆ. ತಾಯಿ ದೂರ ಮೇಯ್ದು, ದಿನಕ್ಕೆ ಕೆಲವೇ ಬಾರಿ ಬಂದು ಸಣ್ಣಗೆ ಕರೆದು ಹಾಲುಣಿಸಿ ಹೋಗುತ್ತದೆ. ಒಂಟಿ ಮರಿ ಕಂಡು ಅನಾಥವೆಂದು ಎತ್ತಿಕೊಂಡು ಬರುವುದು ಆಫ್ರಿಕಾದಲ್ಲೂ ನಡೆಯುವ ತಪ್ಪು. ಸಾಮಾನ್ಯವಾಗಿ ತಾಯಿ ಅಲ್ಲೇ ಎಲ್ಲೋ ಇರುತ್ತದೆ. ಮಳೆಗಾಲ ಎರಡಿರುವ ಪೂರ್ವ ಆಫ್ರಿಕಾದಲ್ಲಿ ಈಯುವ ಕಾಲವೂ ಎರಡು ಬಾರಿ ಏರುತ್ತದೆ. ಈದ ಕೆಲವೇ ದಿನಕ್ಕೆ ಹೆಣ್ಣು ಮತ್ತೆ ಗಬ್ಬವಾಗುವುದರಿಂದ ವರ್ಷಕ್ಕೆ ಎರಡು ಮರಿ ಸಾಧ್ಯ. ಬದುಕುಳಿಯುವುದು ಅರ್ಧದಷ್ಟು. ಹೆಣ್ಣು ಆರರಿಂದ ಎಂಟು ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ, ಗಂಡಿಗೆ ಇನ್ನಷ್ಟು ಕಾಲ. ಅಷ್ಟರಲ್ಲಿ ಮುಂದಿನ ಮರಿ ಬಂದಿರುತ್ತದೆ. ಅಪ್ಪ ಗಂಡುಮರಿಯನ್ನೂ ಅಮ್ಮ ಹೆಣ್ಣುಮರಿಯನ್ನೂ ನೆಲದಿಂದ ಓಡಿಸುತ್ತವೆ. ಸ್ವಂತ ನೆಲ ಸಿಗುವವರೆಗಿನ ಆ ಅಲೆದಾಟ ತೀರ ಅಪಾಯದ್ದು, ಏಕೆಂದರೆ ನುಸುಳುವ ದಾರಿಗಳ ಪರಿಚಯ ಇರುವುದಿಲ್ಲ.

ತಿನ್ನುವವರು

ಚಿರತೆ, ಕ್ಯಾರಕಲ್, ಚೀತಾ, ಕತ್ತೆಕಿರುಬ, ಕಾಡುನಾಯಿ, ನರಿ, ಬಬೂನ್, ಹೆಬ್ಬಾವು, ದೊಡ್ಡ ಹದ್ದುಗಳು. ಮರಿಗಾದರೆ ಉಡವೂ ಸಾಕು. ಮೊದಲ ಉಪಾಯ ನಿಶ್ಚಲವಾಗಿ ನಿಲ್ಲುವುದು. ಅದು ಫಲಿಸದಿದ್ದರೆ ಅಡ್ಡಾದಿಡ್ಡಿ ನೆಗೆಯುತ್ತಾ ಪೊದೆಗೆ ನುಗ್ಗುವುದು, ಹಾಗೆ ಓಡುವಾಗ ಮೂಗಿನಿಂದ ಸೀಟಿಯಂಥ ಸದ್ದು ಹೊರಡಿಸುವುದು. ಆ ಸದ್ದೇ ಅದರ ಹೆಸರು.

ಕಾವಲಿಗೆ ಹಿಂಡಿಲ್ಲದ ಪ್ರಾಣಿ ಇನ್ನೊಬ್ಬರ ಕಾವಲನ್ನು ಬಳಸಿಕೊಳ್ಳುತ್ತದೆ. ಬಿಳಿಹೊಟ್ಟೆಯ ಗೋ-ಅವೇ ಹಕ್ಕಿ ಮರದ ತುದಿಯಲ್ಲಿ ಕೂತು ಹದ್ದು, ಚಿರತೆ ಕಂಡಾಗ ಕೂಗುತ್ತದೆ. ಎಂಪಾಲಾದಲ್ಲಿ ಗುಂಥರ್ ಡಿಕ್‌ಡಿಕ್‌ಗಳಿಗೆ ಈ ಎಚ್ಚರಿಕೆಯ ಕೂಗನ್ನೂ ಅಪಾಯ ಸೂಚಿಸದ ಹಕ್ಕಿದನಿಗಳನ್ನೂ ಸ್ಪೀಕರ್‌ನಲ್ಲಿ ಕೇಳಿಸಿ ನೋಡಿದರು. 2008ರಲ್ಲಿ ಬಂದ ಫಲಿತಾಂಶದಂತೆ ಎಚ್ಚರಿಕೆಯ ಕೂಗಿಗೆ ಮಾತ್ರ ಅವು ಮೇಯುವುದು ಬಿಟ್ಟು ತಲೆಯೆತ್ತಿದವು, ಓಡಿ ಪೊದೆ ಸೇರಿದವು.

ಅದೇ ಲೈಕಿಪಿಯಾಗೆ ಕಾಣೆಯಾಗಿದ್ದ ಕಾಡುನಾಯಿಗಳು ಮರಳಿದಾಗ ಅವುಗಳ ಮುಖ್ಯ ಆಹಾರವಾದದ್ದು ಡಿಕ್‌ಡಿಕ್. ಹತ್ತಾರು ಕಿಲೋ ತೂಗುವ ಬೇಟೆ ಬೇಕೆಂದು ಜನ ತಿಳಿದಿದ್ದ ಈ ನಾಯಿಗಳು ಐದು ಕಿಲೋದ್ದರಲ್ಲೇ ಚೆನ್ನಾಗಿ ಬದುಕಿದವು. ಡಿಕ್‌ಡಿಕ್ ಸಂಖ್ಯೆ ಸುಮಾರು ಮೂರನೇ ಒಂದು ಪಾಲು ಇಳಿಯಿತು. ಹಾಗಾದರೆ ಅವು ಮೇಯುತ್ತಿದ್ದ ಗಿಡಗಳು ಚೇತರಿಸಿಕೊಳ್ಳಬೇಕಲ್ಲ ಎಂದು ನೋಡಿದರೆ, ಅಂಥದ್ದೇನೂ ಆಗಲಿಲ್ಲ. ಪರಭಕ್ಷಕ ಬಂದರೆ ಕಾಡು ತಾನಾಗಿ ಹಸಿರಾಗುತ್ತದೆ ಎಂಬ ಜನಪ್ರಿಯ ಮಾತಿಗೆ ಇದು ಒಳ್ಳೆಯ ಕಡಿವಾಣ. 2017ರಲ್ಲಿ ಡಿಸ್ಟೆಂಪರ್ ರೋಗ ಆ ಕಾಡುನಾಯಿಗಳನ್ನು ಬಹುತೇಕ ಅಳಿಸಿಹಾಕಿತು.

ಮನುಷ್ಯರ ಪಾತ್ರ ಎರಡು ತರ. ದನ, ಮೇಕೆ ಅತಿಯಾಗಿ ಮೇಯ್ದು ಹುಲ್ಲು ಸೋತು ಕುರುಚಲು ಬೆಳೆದರೆ ಡಿಕ್‌ಡಿಕ್‌ಗೆ ಅನುಕೂಲವೇ. ಅದೇ ಕುರುಚಲನ್ನು ಇದ್ದಿಲಿಗೆ ಕಡಿದರೆ ಅದಕ್ಕೆ ನೆಲೆಯಿಲ್ಲ. ದಿನವೂ ಒಂದೇ ಕಿರುದಾರಿಯಲ್ಲಿ ಓಡಾಡುವ ಅಭ್ಯಾಸ ಉರುಳು ಹಾಕುವವರಿಗೆ ವರದಾನ: ತಂತಿಯ ಕುಣಿಕೆಯನ್ನು ಪೊದೆಯ ನುಸುಳಿನಲ್ಲಿ ಕಟ್ಟಿದರೆ ಸಾಕು. ರಾತ್ರಿ ಟಾರ್ಚ್ ಬೆಳಕಿಗೆ ಕಣ್ಣು ಕೋರೈಸಿ ನಿಂತಲ್ಲೇ ಸಿಕ್ಕಿಬೀಳುವುದೂ ಉಂಟು. ಕೀನ್ಯಾದಲ್ಲಿ 1977ರಿಂದ ಬೇಟೆ ನಿಷೇಧವಿದ್ದರೂ ಮಾಂಸಕ್ಕಾಗಿ ಇದು ನಿಂತಿಲ್ಲ. ಹಿಂದೆ ಚರ್ಮ ಕೈಗವಸಿಗೆ ಹೋಗುತ್ತಿತ್ತು, ಒಂದು ಕೈಗೆ ಒಂದು ಪ್ರಾಣಿ. ಒಟ್ಟಾರೆ ಸಂಖ್ಯೆಗೆ ಸದ್ಯ ಆತಂಕವಿಲ್ಲ. 1990ರ ದಶಕದ ಕೊನೆಯ ಅಂದಾಜು ಹತ್ತು ಲಕ್ಷದ ಹತ್ತಿರವಿತ್ತು, ಜೀವಿಗಳಿಗಿರುವ ಅಳಿವಿನ ಅಪಾಯ ಅಳೆಯುವ ಐಯುಸಿಎನ್ ಸಂಸ್ಥೆಯ ಪಟ್ಟಿಯಲ್ಲೂ ಅಪಾಯ ಕಡಿಮೆಯ ಗುಂಪಿನಲ್ಲಿದೆ.

ನೋಡುವುದು, ಎಣಿಸುವುದು

ಟಾಂಜಾನಿಯಾದ ತರಂಗಿರೆ, ಮನ್ಯಾರ, ಸೆರೆಂಗೆಟಿ, ಕೀನ್ಯಾದ ತ್ಸಾವೊ, ಸಂಬೂರು ಎಲ್ಲ ಕಡೆ ಸಿಗುತ್ತದೆ. ನಮೀಬಿಯಾದ ಎಟೋಶಾದಲ್ಲಿ ನಮುಟೋನಿ ಬಳಿಯ ಒಂದು ದಾರಿಗೆ ಡಿಕ್‌ಡಿಕ್ ಡ್ರೈವ್ ಎಂದೇ ಹೆಸರು. ಆಗಷ್ಟೇ ಬೆಳಕಾದ ಹೊತ್ತು ಅಥವಾ ಸೂರ್ಯ ಇಳಿದ ಮೇಲಿನ ಒಂದು ಗಂಟೆ ಒಳ್ಳೆಯದು. ಬಯಲು ನೋಡುತ್ತಾ ಹೋದರೆ ಪ್ರಯೋಜನವಿಲ್ಲ. ದಾರಿ ಬದಿಯ ಪೊದೆಗಳ ಬುಡ, ಎಲೆ ಶುರುವಾಗುವ ಗೆರೆಯ ಕೆಳಗಿನ ನೆರಳು ನೋಡಬೇಕು. ಒಂದು ಕಂಡರೆ ಎಂಜಿನ್ ನಿಲ್ಲಿಸಿ ಐದು ನಿಮಿಷ ಕಾಯಿರಿ, ಎರಡನೆಯದು ಹತ್ತಿರದಲ್ಲೇ ಇರುತ್ತದೆ. ಓಡಿದರೆ ಹಿಂಬಾಲಿಸಬೇಡಿ: ಸ್ವಲ್ಪ ದೂರ ಹೋಗಿ ನಿಂತು ತಿರುಗಿ ನೋಡುವುದು ಅದರ ಅಭ್ಯಾಸ, ಫೋಟೋ ಸಿಗುವುದು ಆಗ. ಮೊಣಕಾಲೆತ್ತರದ ಕಡ್ಡಿಗಳ ತುದಿಯಲ್ಲಿ ಕಪ್ಪು ಮಣಿ, ಬುಡದಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕ ಹಿಕ್ಕೆಗಳ ರಾಶಿ ಕಂಡರೆ ಗಡಿಯ ಮೇಲೇ ನಿಂತಿದ್ದೀರಿ.

ಎಣಿಕೆಗೆ ನೇರ ಗೆರೆಯಲ್ಲಿ ನಡೆಯುವುದು ರೂಢಿ. 2 ಕಿಲೋಮೀಟರ್ ನಡೆದು ಎರಡೂ ಬದಿ 25 ಮೀಟರ್‌ವರೆಗೆ ಎಣಿಸಿದರೆ ಅದು 10 ಹೆಕ್ಟೇರು. ಅದರಲ್ಲಿ 6 ಕಂಡರೆ ಚದರ ಕಿಲೋಮೀಟರಿಗೆ 60. ಈ ಸಂಖ್ಯೆ ಯಾವಾಗಲೂ ಕಮ್ಮಿಯೇ ಬರುತ್ತದೆ. 20 ಮೀಟರ್ ಆಚೆ ಪೊದೆ ಮರೆಮಾಡುತ್ತದೆ, ಹತ್ತಿರದ್ದು ಅಲುಗಾಡದೆ ನಿಂತು ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಕಂಡ ಪ್ರತಿಯೊಂದೂ ಗೆರೆಯಿಂದ ಎಷ್ಟು ದೂರದಲ್ಲಿತ್ತು ಎಂದು ಅಳೆದು ಬರೆದುಕೊಂಡು, ದೂರ ಹೆಚ್ಚಿದಂತೆ ಎಷ್ಟು ತಪ್ಪಿಹೋಗುತ್ತಿದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಬೇಕು. ನಡುಹಗಲಿನ ನಡಿಗೆಯನ್ನೂ ಮುಂಜಾನೆಯದನ್ನೂ ಒಂದೇ ಪಟ್ಟಿಗೆ ಹಾಕಬಾರದು. ಹಿಕ್ಕೆ ಗುಡ್ಡೆ ಎಣಿಸಿ ಪ್ರಾಣಿಗಳ ಸಂಖ್ಯೆ ಹೇಳಲು ಹೋಗುವುದು ಎಲ್ಲಕ್ಕಿಂತ ಕೆಟ್ಟ ದಾರಿ: ಒಂದು ಜೋಡಿಗೆ ಹಲವು ಗುಡ್ಡೆ, ಗಡಿಯ ಕೆಲವು ಗುಡ್ಡೆಗೆ ನೆರೆಯವರೂ ಪಾಲುದಾರರು.

ಗುರುತು ತಪ್ಪುವುದು ಮೂರು ಕಡೆ. ಸ್ಟೀನ್‌ಬಾಕ್ ಡಿಕ್‌ಡಿಕ್‌ನ ಎರಡು ಪಟ್ಟು ತೂಗುತ್ತದೆ, ಇಟ್ಟಿಗೆ ಬಣ್ಣ, ಅಗಲ ಕಿವಿ, ಜುಟ್ಟಿಲ್ಲ, ಇರುವುದು ಹುಲ್ಲು ಹೆಚ್ಚಿರುವ ಬಯಲಿನಲ್ಲಿ. ಸಾಮಾನ್ಯ ಡೈಕರ್‌ಗೆ ಜುಟ್ಟಿದೆ, ಆದರೆ ಮೂಗಿನ ಮೇಲೆ ಕಪ್ಪು ಪಟ್ಟೆಯೂ ಇದೆ, ಗಾತ್ರವೂ ದೊಡ್ಡದು. ನಿಜವಾಗಿ ಮೋಸ ಮಾಡುವುದು ಸುನಿ: ತೂಕ ಡಿಕ್‌ಡಿಕ್‌ನಷ್ಟೇ, ಟಾಂಜಾನಿಯಾದ ಅರುಷಾ ಉದ್ಯಾನದಲ್ಲಿ ಎರಡೂ ಇವೆ. ಸುನಿ ದಟ್ಟ ಕಾಡಿನ ಒಳಗಿನದು, ಜುಟ್ಟಿಲ್ಲ, ಮೂಗು ಉಬ್ಬಿಲ್ಲ, ಮತ್ತು ಉದ್ದವಾದ ಬಾಲವನ್ನು ಅಕ್ಕಪಕ್ಕಕ್ಕೆ ಆಡಿಸುತ್ತಲೇ ಇರುತ್ತದೆ. ಮುಖ ಎಲೆಯ ಮರೆಯಲ್ಲಿದ್ದರೆ ಹಿಂಭಾಗ ನೋಡಿ. ಬಾಲ ಆಡುತ್ತಿದ್ದರೆ ಅದು ಡಿಕ್‌ಡಿಕ್ ಅಲ್ಲ.